ತೂಕಕ್ಕೆ ಕೊಡುವುದಿಲ್ಲ

ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಗುಬ್ಬಿ,

ನಿನಗೂ ಅಳಿಯಂದಿರಿಗೂ ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಮೊಣಕಾಲು ನೋಯುತ್ತಿತ್ತು, ಕನ್ನಡಕದ ಒಂದು ಕಡ್ಡಿ ಮುರಿದಿತ್ತು ಅಂತ ನೆಪ ಹೇಳಬಹುದು, ಎರಡೂ ನಿಜವೇ. ಆದರೆ ಅಸಲು ಕಾರಣ ಬೇರೆ. ನಿನ್ನ ಕಾಗದದಲ್ಲಿ ಹನ್ನೊಂದು ಸಾಲುಗಳಿದ್ದವು. ಅದರಲ್ಲಿ ಒಂಬತ್ತು ನಿನ್ನ ಅಣ್ಣನವು, ಕೈಬರಹ ಮಾತ್ರ ನಿನ್ನದು. ‘ಆರೋಗ್ಯ ನೋಡಿಕೋ’ ಅನ್ನುವುದೂ ‘ಇಲ್ಲಿ ಬಹಳ ಚಳಿ’ ಅನ್ನುವುದೂ ನಿನ್ನವು. ಅವೆರಡಕ್ಕೆ ಉತ್ತರ ಸುಲಭ: ನೋಡಿಕೊಳ್ಳುತ್ತಿದ್ದೇನೆ, ಇಲ್ಲೂ ಚಳಿ. ಉಳಿದ ಒಂಬತ್ತಕ್ಕೆ ಉತ್ತರ ಹುಡುಕಲು ಹತ್ತೊಂಬತ್ತು ದಿನ ಹಿಡಿಯಿತು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಒಂದೇ ಪದ.

ಕೊಡುವುದಿಲ್ಲ.

ನನ್ನ ಚಿನ್ನದ ನಾಣ್ಯಗಳನ್ನು ನಿನ್ನ ಅಣ್ಣನ ಕೈಗೆ ಕೊಡುವುದಿಲ್ಲ. ಅವನು ಅವನ್ನು ಅಕ್ಕಸಾಲಿಗರ ತಕ್ಕಡಿಗೆ ಹಾಕುವುದೂ ಬೇಡ, ಬಂದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ನನಗೆ ರಸೀದಿ ತೋರಿಸುವುದೂ ಬೇಡ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅಮ್ಮನಿಗೆ ಏನೋ ಆಗಿದೆ ಅಂತ ಅವನು ನಿನಗೆ ಹೇಳಿದ್ದಾನಂತಲ್ಲ. ಆಗಿದೆ, ಸುಳ್ಳಲ್ಲ. ಏನಾಗಿದೆ ಅನ್ನುವುದನ್ನು ನನ್ನ ಬಾಯಿಂದಲೇ ಕೇಳು.

ಹೋದ ವರ್ಷ ಲಾಂಡ್ರಿಯಲ್ಲಿ ನನ್ನನ್ನು ಬೀಳ್ಕೊಟ್ಟರಲ್ಲ, ನೀನು ರಜೆ ಸಿಗದೆ ಬರಲಿಲ್ಲ. ಕಲೆ ತೆಗೆಯುವ ಮೇಜಿನ ಮುಂದೆ ಮೂವತ್ತನಾಲ್ಕು ವರ್ಷ ನಿಂತಿದ್ದೆ. ಶಾಯಿ, ತುಕ್ಕು, ರಕ್ತ, ಟೀ, ಗ್ರೀಸು, ಮದುವೆ ಗೌನಿನ ಮೇಲೆ ಮದುಮಗನೇ ಚೆಲ್ಲಿದ ದ್ರಾಕ್ಷಾರಸ. ಮಾಲೀಕರು ಎದ್ದು ನಿಂತು, ಈಯಮ್ಮನ ಕೈಯಿಂದ ತಪ್ಪಿಸಿಕೊಂಡು ಹೋದ ಕಲೆಯನ್ನು ನಾನು ನೋಡಿಯೇ ಇಲ್ಲ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಅಂಟಿಸಿದ ಒಂದು ಚಿನ್ನದ ನಾಣ್ಯ ಕೊಟ್ಟರು. ಹೊಸದು, ಕನ್ನಡಿಯ ಹಾಗೆ ಫಳಫಳ. ಮನೆಗೆ ತಂದು ಬೀರುವಿನಲ್ಲಿಟ್ಟೆ. ನಿಮ್ಮಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ. ಇರಲಿಲ್ಲ. ಒಂಟಿ ಮನೆಯಲ್ಲಿ ಫಳಫಳ ಹೊಳೆಯುವ ವಸ್ತುವನ್ನು ಎಷ್ಟು ಹೊತ್ತು ನೋಡಲಾಗುತ್ತದೆ ಹೇಳು.

ಲಾಂಡ್ರಿಯಿಂದ ಮನೆಗೆ ಬರುವ ದಾರಿಯಲ್ಲಿ ಕನ್ನಡಕದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಸಣ್ಣ ನಾಣ್ಯದ ಅಂಗಡಿ ಇದೆ. ಮೂವತ್ತನಾಲ್ಕು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಅಂಗಡಿಯವರ ಕೊರಳಲ್ಲಿ ಶೂ ಲೇಸಿಗೆ ಕಟ್ಟಿದ ಭೂತಗನ್ನಡಿ ಯಾವಾಗಲೂ ನೇತಾಡುತ್ತಿರುತ್ತದೆ, ಅದಕ್ಕೇ ಬೀದಿಯವರೆಲ್ಲ ಅವರನ್ನು ಭೂತಗನ್ನಡಿ ಅಂತಲೇ ಕರೆಯುವುದು. ಒಂದು ದಿನ ನನ್ನ ಉಡುಗೊರೆಯನ್ನು ಅವರ ಮುಂದಿಟ್ಟು, ಇದು ಯಾವ ಕಾಲದ್ದು ಅಂತ ಕೇಳಿದೆ. ಅವರು ಕಣ್ಣೆತ್ತಿ ಕೂಡ ನೋಡಲಿಲ್ಲ.

“ಇದು ಚಿನ್ನ, ಅಮ್ಮ. ನಾಣ್ಯ ಅಲ್ಲ. ಇದನ್ನ ಕೊಟ್ಟು ಯಾರೂ ಏನೂ ಕೊಂಡ್ಕೊಂಡಿಲ್ಲ.”

ನನಗೆ ಕೋಪ ಬಂತು. ನನ್ನ ಮೂವತ್ತನಾಲ್ಕು ವರ್ಷಕ್ಕೆ ಸಿಕ್ಕಿದ್ದನ್ನು ನಾಣ್ಯವೇ ಅಲ್ಲ ಅನ್ನಲು ಇವರು ಯಾರು? ಅಷ್ಟರಲ್ಲಿ ಅವರು ಡ್ರಾಯರಿನಿಂದ ಒಂದು ಕಂದು ಲಕೋಟೆ ತೆಗೆದು, ಕರಿ ಬಟ್ಟೆಯ ಮೇಲೆ ಹಳೆಯ ನಾಣ್ಯವೊಂದನ್ನು ಜಾರಿಸಿದರು. ಬೆರಳುಗುರಿಗಿಂತ ಸ್ವಲ್ಪ ದೊಡ್ಡದು. ರಾಜನ ಮೂಗು ಸವೆದು ಚಪ್ಪಟೆಯಾಗಿತ್ತು. ಇದು ನಾಣ್ಯ, ಅಂದರು. ಈ ಮೂಗು ಸವೆಯಬೇಕಾದರೆ ಎಷ್ಟು ಜೇಬು, ಎಷ್ಟು ಸೆರಗು, ಎಷ್ಟು ಅಂಗೈ ದಾಟಿದೆಯೋ ಲೆಕ್ಕ ಹಾಕಿ ಅಂದರು. ನಾನು ಲೆಕ್ಕ ಹಾಕಲಿಲ್ಲ, ಬಗ್ಗಿ ಆ ಮೂಗನ್ನೇ ನೋಡಿದೆ. ಗುಬ್ಬಿ, ನನ್ನ ಕೆಲಸವೇ ಅಂಥದ್ದಲ್ಲವೇ? ಬಟ್ಟೆ ನೋಡಿ ಮನುಷ್ಯನನ್ನು ಹೇಳುತ್ತಿದ್ದೆ. ಬಲ ಮೊಣಕೈ ಸವೆದಿದ್ದರೆ ಗುಮಾಸ್ತ, ಎಡ ಭುಜ ಇಳಿದಿದ್ದರೆ ಚೀಲ ಹೊರುವವನು. ಲೋಹದಲ್ಲೂ ಅದನ್ನು ಓದಬಹುದು ಅಂತ ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಅವತ್ತು ಅವರು ನನಗೆ ಏನೂ ಮಾರಲಿಲ್ಲ. ಇದನ್ನು ನಿನ್ನ ಅಣ್ಣನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಮೊದಲು ಪುಸ್ತಕ ಓದಿ, ಆಮೇಲೆ ಬನ್ನಿ ಅಂತ ಒಂದು ದಪ್ಪ ಪುಸ್ತಕ ಕೈಗಿಟ್ಟು ಕಳಿಸಿದರು. ನಾನು ಅಕ್ಷರ ಕಲಿತದ್ದು ನಿನಗೆ ಗೊತ್ತಲ್ಲ. ಲಾಂಡ್ರಿ ಚೀಟಿಗಳಿಂದ ಶುರು, ಆಮೇಲೆ ನಿನ್ನ ಒಂದನೇ ತರಗತಿಯ ಪುಸ್ತಕ. ನಾನು ಮೊಟ್ಟಮೊದಲು ಬರೆದ ಪದಗಳು ‘ಕಾಲರು’, ‘ತುಕ್ಕು’, ‘ಖಾತರಿ ಇಲ್ಲ’. ಅಂಥವಳು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೂರು ತಿಂಗಳು ಆ ಪುಸ್ತಕದ ಜೊತೆ ಗುದ್ದಾಡಿದೆ.

ಹಳೆಯ ಚಿನ್ನದ ನಾಣ್ಯ ಆರಿಸುವುದು ಅಂದರೆ ತರಕಾರಿ ಆರಿಸಿದ ಹಾಗಲ್ಲ ಕಣೆ. ಹೊಳೆಯುವುದನ್ನು ಎತ್ತಿಕೊಂಡರೆ ಕೆಟ್ಟೆವು. ಅಂಚು ಹಿಡಿದೇ ಎತ್ತಬೇಕು, ಮುಖದ ಮೇಲೆ ಬೆರಳು ತಾಗಿಸುವ ಹಾಗಿಲ್ಲ. ತೂಗಬೇಕು, ಅಗಲ ಅಳೆಯಬೇಕು, ಎರಡೂ ಪುಸ್ತಕದ ಜೊತೆ ಹೊಂದಬೇಕು. ಹೊಂದಿದರೂ ನಂಬುವ ಹಾಗಿಲ್ಲ, ಯಾಕೆಂದರೆ ಮೋಸಗಾರರೂ ಅದೇ ಪುಸ್ತಕ ಓದಿರುತ್ತಾರೆ. ಅಂಚಿನ ಗೀರುಗಳ ಮೇಲೆ ಉಗುರು ಆಡಿಸುತ್ತಾ ಹೋಗಬೇಕು. ಎರಕ ಹೊಯ್ದ ನಕಲಿ ಆದರೆ ಎಲ್ಲೋ ಒಂದು ಕಡೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗೆ ತಡೆಯುತ್ತದೆ. ಇದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಮೊದಲ ಸಲವೇ, ಬೇಕೆಂದೇ ಭೂತಗನ್ನಡಿ ನಡುವೆ ಸೇರಿಸಿಟ್ಟಿದ್ದ ನಕಲಿಯನ್ನು ಹೆಬ್ಬೆರಳಿನಿಂದಲೇ ಹಿಡಿದೆ. ಅವರು ಕೊರಳಿನ ಗಾಜನ್ನು ಕಣ್ಣಿಗೇರಿಸಿ ನಾಣ್ಯವನ್ನು ಬಿಟ್ಟು ನನ್ನನ್ನೇ ನೋಡಿದರು.

ಆಮೇಲೆ ಆರಿಸುವ ದಿನ. ಕರಿ ಬಟ್ಟೆಯ ಮೇಲೆ ಮೂರು ಇಟ್ಟರು. ಒಂದು ಹೊಸದರ ಹಾಗೆ ಇತ್ತು, ನನ್ನ ಯೋಗ್ಯತೆಗೆ ಮೀರಿದ್ದು. ಒಂದಕ್ಕೆ ಕೊರಳಿಗೆ ಹಾಕಲು ಯಾರೋ ತೂತು ಕೊರೆದು ಆಮೇಲೆ ಮುಚ್ಚಿದ್ದರು. ಮೂರನೆಯದರಲ್ಲಿ ಒಂದು ಕಡೆ ರಾಣಿ, ಇನ್ನೊಂದು ಕಡೆ ಹಾಯಿಹಡಗು. ಹಡಗಿನ ಹಗ್ಗಗಳ ನಡುವೆ, ಅಕ್ಷರಗಳ ಸಂದಿಯಲ್ಲಿ ಕೆಂಪು ಮಿಶ್ರಿತ ಮಬ್ಬು. ಹನ್ನೊಂದು ಪಾಲು ಚಿನ್ನಕ್ಕೆ ಒಂದು ಪಾಲು ತಾಮ್ರ ಬೆರೆಸುತ್ತಿದ್ದರಂತೆ, ಆ ತಾಮ್ರ ನೂರು ವರ್ಷದಲ್ಲಿ ಮೆಲ್ಲಗೆ ಬಣ್ಣ ಬಿಟ್ಟಿತ್ತು. ಅದನ್ನೇ ಆರಿಸಿದೆ. ನನ್ನ ಉಡುಗೊರೆಯನ್ನು ಕೊಟ್ಟು, ಮೇಲೆ ಸ್ವಲ್ಪ ಸೇರಿಸಿ, ರಾಣಿಯನ್ನು ಮನೆಗೆ ಕರೆದುಕೊಂಡು ಬಂದೆ. ಸನ್ಮಾನದ ನಾಣ್ಯ ಮಾರಿದೆ ಅಂತ ನಿನ್ನ ಅಣ್ಣ ಅವತ್ತು ಮುಖ ಊದಿಸಿಕೊಂಡವನು ಇನ್ನೂ ಇಳಿಸಿಲ್ಲ. ಸನ್ಮಾನ ಆದದ್ದು ನನಗೆ, ನಾಣ್ಯಕ್ಕಲ್ಲ.

ಈಗ ನಿನ್ನ ಕಾಗದದ ಏಳನೆಯ ಸಾಲು. ‘ಒಂದನ್ನು ತೊಳೆದು ಹಾಳು ಮಾಡಿದ್ದೀಯಂತೆ.’

ಹೌದು. ರಾಣಿಯನ್ನು ತೊಳೆದೆ. ಬಿಸಿನೀರು, ಸೋಪಿನ ಪುಡಿ, ಸೀಮೆಸುಣ್ಣ ಅರೆದ ಹಿಟ್ಟು, ನಿನ್ನ ಹಳೆಯ ಮೆತ್ತನೆ ಬ್ರಷ್ಷು. ಕಿಟಕಿ ಬಳಿ ಕೂತು ಒಂದು ಗಂಟೆ. ಸಂದಿಗೊಂದಿಯ ಕೆಂಪೆಲ್ಲ ಹೋಗಿ ರಾಣಿ ಮದುಮಗಳ ಹಾಗೆ ಆದಳು. ಕುಣಿಯುತ್ತಾ ಅಂಗಡಿಗೆ ಒಯ್ದೆ. ಭೂತಗನ್ನಡಿ ಅದನ್ನು ಗಾಜಿನಲ್ಲಿ ನೋಡಿದರು, ಗಾಜು ಇಳಿಸಿದರು, ಮತ್ತೆ ನೋಡಿದರು. ಆಮೇಲೆ ಗಾಜನ್ನು ನನಗೇ ಕೊಟ್ಟರು. ಮೈತುಂಬ ಕೂದಲೆಳೆಯಂಥ ಗೀಚುಗಳು. ರಾಣಿಯ ಕೆನ್ನೆಯ ಮೇಲೆ ಕೂಡ.

“ಇನ್ಮೇಲೆ ಇದು ತೂಕಕ್ಕೆ ಮಾತ್ರ, ಅಮ್ಮ” ಅಂದರು. ಅಂದರೆ ಚಿನ್ನದ ಬೆಲೆ ಉಳಿಯಿತು, ನಾಣ್ಯದ ಬೆಲೆ ಹೋಯಿತು. ಬೈದಿದ್ದರೆ ವಾಸಿಯಿತ್ತು.

ತೊಳೆಯಬಾರದು ಅಂತ ಅವರು ನನಗೆ ಹೇಳಿರಲಿಲ್ಲ. ಪುಸ್ತಕದಲ್ಲಿ ಆ ಅಧ್ಯಾಯ ಕೊನೆಯಲ್ಲಿತ್ತು, ನಾನು ಅಲ್ಲಿಗೆ ಮುಟ್ಟಿರಲಿಲ್ಲ. ಗೊತ್ತಿದ್ದರೆ ತೊಳೆಯುತ್ತಿದ್ದೆನಾ? ಇದನ್ನೇ ಹಿಡಿದುಕೊಂಡು ನಿನ್ನ ಅಣ್ಣ, ಅಮ್ಮನಿಗೆ ವಸ್ತುಗಳ ಬೆಲೆ ತಿಳಿಯುತ್ತಿಲ್ಲ, ಉಳಿದದ್ದನ್ನಾದರೂ ಉಳಿಸೋಣ ಅನ್ನುತ್ತಿದ್ದಾನೆ. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಎಲ್ಲರೂ ಇನ್ನೇನು ಮುಳುಗುವ ಹಡಗಿನ ಹಾಗೇ ಕಾಣುತ್ತಾರೆ. ಕಲಿಯುವವರು ಕೆಡಿಸುತ್ತಾರೆ. ಲಾಂಡ್ರಿಯಲ್ಲಿ ಮೊದಲ ತಿಂಗಳು ನಾನು ಒಬ್ಬ ವಕೀಲರ ರೇಷ್ಮೆ ಅಂಗಿಗೆ ತೂತು ಮಾಡಿದ್ದೆ. ಯಾರೂ ನನ್ನ ಕೈ ಕಟ್ಟಿ ಮನೆಗೆ ಕಳಿಸಲಿಲ್ಲ. ರಾಣಿಯಾದ ಮೇಲೆ ಇನ್ನೂ ಎರಡು ಕೊಂಡಿದ್ದೇನೆ, ಮುಂದೆಯೂ ಕೊಳ್ಳುತ್ತೇನೆ, ಯಾರಿಗೂ ಸೊಪ್ಪು ಹಾಕುವುದಿಲ್ಲ.

ನಿಮ್ಮಪ್ಪ ಹೋದಾಗ ಅವರ ಬೀಗದ ಅಂಗಡಿಯ ಕೋಟಿನ ವಿಷಯಕ್ಕೆ ನಮ್ಮಿಬ್ಬರ ನಡುವೆ ಆದದ್ದು ಆಗಿಹೋಯಿತು. ಒಗೆಯಬೇಡ ಅಂತ ನೀನು ಹೇಳಿದ್ದು ಅವತ್ತು ಫೋನಿನ ಗರಗರದಲ್ಲಿ ನನಗೆ ಕೇಳಿಸಲಿಲ್ಲ ಅಂತ ಆಗಲೇ ಹೇಳಿದ್ದೇನೆ. ಆಮೇಲೆ ಒಂದು ವರ್ಷದಿಂದ ನಿನ್ನ ಕಾಗದಗಳು ಔಷಧದ ಚೀಟಿಯ ಹಾಗೆ ಬರುತ್ತಿವೆ. ಬಂದದ್ದೇ ಸಾಕು ಅಂದುಕೊಂಡಿದ್ದೇನೆ. ಅದನ್ನು ಮತ್ತೆ ಕೆದಕುವುದು ಬೇಡ.

ಬೆಚ್ಚಗಿರು. ಕುತ್ತಿಗೆಗೆ ಮಫ್ಲರ್ ಸುತ್ತಿಕೋ.

ನಿನ್ನ
ಅಮ್ಮ


ಫೆಬ್ರವರಿ ೨೪, ಸೋಮವಾರ

ಗುಬ್ಬಿ,

ಕುಶಲ ಕೇಳಲು ವ್ಯವಧಾನವಿಲ್ಲ, ಕ್ಷಮಿಸು. ಇದು ಸಣ್ಣ ಕಾಗದ.

ನಿನ್ನೆ ನಿನ್ನ ಅಣ್ಣ ಬಂದಿದ್ದ. ನನ್ನ ಕನ್ನಡಕಕ್ಕೆ ಹೊಸ ಫ್ರೇಮು ಹಾಕಿಸಿಕೊಂಡು ತಂದಿದ್ದ, ಬಚ್ಚಲ ನಲ್ಲಿಯ ವಾಷರ್ ತಾನೇ ಬದಲಾಯಿಸಿದ. ಅವನು ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬಾಗಿಲು ತೋರಿಸಬಹುದಿತ್ತು. ಕೈ ತೊಳೆದುಕೊಂಡು ಬಂದು ಕೂತು ನಾಣ್ಯದ ಮಾತು ತೆಗೆದ. ಕಳ್ಳಕಾಕರ ಭಯ, ನನ್ನ ವಯಸ್ಸು, ಬಡ್ಡಿಯ ದರ, ಅಂಗಡಿಯವನು ನನ್ನಂಥ ಒಂಟಿ ಮುದುಕಿಯರನ್ನೇ ಹಿಡಿಯುವುದು, ಎಲ್ಲ ಬಂತು. ನಾನು ಅವರೆಕಾಯಿ ಸುಲಿಯುವ ಹಾಗೆ ಪ್ರತಿಯೊಂದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವನಿಗೂ ತಾಳ್ಮೆ ತಪ್ಪಿತು.

“ಬಟ್ಟೆ ಒಗೆಯೋರ ಕೈಗೆ ಚಿನ್ನ ಕೊಟ್ರೆ ಇನ್ನೇನಮ್ಮ ಆಗುತ್ತೆ” ಅಂದ.

ಅಂದವನೇ ಬಾಯಿ ಮುಚ್ಚಿಕೊಂಡ, ಆದರೆ ಮಾತು ಆಗಲೇ ಮೇಜಿನ ಮೇಲೆ ಬಿದ್ದಿತ್ತು. ನಾನು ಅಳಲಿಲ್ಲ, ನಿನಗೆ ಗೊತ್ತಲ್ಲ. ಹೇಳಿದೆ: “ಹೌದಪ್ಪ, ಒಗೆದಿದ್ದೀನಿ. ನಿನ್ನ ಸ್ಕೂಲ್ ಶರ್ಟಿಂದ ವಾರಕ್ಕೆರಡು ಸಲ ಇಂಕು ತೆಗ್ದಿದ್ದೀನಿ. ಒಂದಿನ ಆದ್ರೂ ನಿನ್ನನ್ನ ಹಿಂದಿನ ಬೆಂಚಲ್ಲಿ ಕೂರಿಸಿದ್ರಾ?”

ಅವನು ತಲೆ ತಗ್ಗಿಸಿ, ಆ ಅರ್ಥದಲ್ಲಿ ಹೇಳಿದ್ದಲ್ಲ ಅಂದ. ಯಾವ ಅರ್ಥದಲ್ಲಿ ಅಂತ ನಾನು ಕೇಳಲಿಲ್ಲ. ಆದರೆ ಅವನು ಹಟ ಬಿಡಲಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ತಾನೇ. ಮಾರ್ಚ್ ಹದಿನೈದು ಶನಿವಾರ ಬಂದು ಮೂರೂ ನಾಣ್ಯ ಒಯ್ಯುತ್ತಾನಂತೆ. ಗುಬ್ಬಿಯೂ ಒಪ್ಪಿದ್ದಾಳೆ, ಇಬ್ಬರು ಮಕ್ಕಳ ಮಾತಾದರೂ ಕೇಳು ಅಂದ.

ಒಪ್ಪಿದ್ದೀಯಾ? ಅವನ ಸಾಲು ಬೇಡ, ನಿನ್ನದು ಒಂದು ಸಾಲು ಬರೆ. ಜನರ ಮೈಯೊಳಗಿನ ಎಲುಬನ್ನು ಎಕ್ಸ್-ರೇ ತೆಗೆದು ನೋಡುವವಳು ನೀನು, ನಿನ್ನ ಅಮ್ಮನ ತಲೆ ನೆಟ್ಟಗಿದೆಯೋ ಇಲ್ಲವೋ ನೀನೇ ಹೇಳು. ಇದು ಮೂರು ಚೂರು ಚಿನ್ನದ ಮಾತಲ್ಲ. ನಾಣ್ಯ ಹೋದರೆ ನಾಳೆ ಅಡುಗೆಮನೆಯ ಗ್ಯಾಸು ಹಚ್ಚುವುದಕ್ಕೂ ಅವನ ಅಪ್ಪಣೆ ಬೇಕಾಗುತ್ತದೆ. ಹುಟ್ಟಿದಾಗಿನಿಂದ ನಾನು ನನಗೋಸ್ಕರ ಏನನ್ನೂ ಆರಿಸಿದವಳಲ್ಲ. ಕೆಲಸ ಸಿಕ್ಕಿದ್ದು ಮಾಡಿದೆ, ಮನೆ ಸಿಕ್ಕಿದ್ದರಲ್ಲಿ ಇದ್ದೆ, ನಿಮ್ಮಪ್ಪನನ್ನು ಕೂಡ ನಮ್ಮಣ್ಣನೇ ಆರಿಸಿದ್ದು. ಅದು ಮಾತ್ರ ಅದೃಷ್ಟಕ್ಕೆ ಸರಿಹೋಯಿತು.

ಹದಿನೈದಕ್ಕೆ ಬಾಗಿಲು ತೆಗೆದೇ ಇಟ್ಟಿರುತ್ತೇನೆ. ಹೆದರಿ ಬೀಗ ಹಾಕಿಕೊಳ್ಳುವವಳಲ್ಲ.

ಅಮ್ಮ


ಮಾರ್ಚ್ ೧೭, ಸೋಮವಾರ

ನನ್ನ ಗುಬ್ಬಿಮರಿಗೆ,

ಆಶೀರ್ವಾದ. ನಿನ್ನ ಕಾಗದ ಬುಧವಾರವೇ ಕೈಸೇರಿತು. ಒಂದು ಸಾಲು ಬರೆ ಅಂದಿದ್ದೆ, ಸರಿಯಾಗಿ ಒಂದೇ ಸಾಲು ಬರೆದಿದ್ದೀಯ, ನಿಮ್ಮಪ್ಪನ ಮಗಳೇ ಸೈ. ‘ಅಮ್ಮ, ತೊಳೆಯಬಾರದು ಅಂತ ಅವರು ನಿಜವಾಗಲೂ ಹೇಳಿರಲಿಲ್ಲವಾ?’ ಅದಕ್ಕೆ ಉತ್ತರ ಇದೆ, ಬರುತ್ತದೆ. ಮೊದಲು ಶನಿವಾರದ ಸುದ್ದಿ.

ಅದಕ್ಕೂ ಮುಂಚೆ ಹೋದ ತಿಂಗಳ ಒಂದು ಗುರುವಾರದ ಸುದ್ದಿ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ನಾನು ಅಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಕೋಟು ಟೈ ಹಾಕಿದವರು ಆರು ನಾಣ್ಯ ಮಾರಲು ತಂದರು. ಭೂತಗನ್ನಡಿ ಒಂದೊಂದನ್ನೇ ನೋಡಿ, ಚೆನ್ನಾಗಿವೆ ಅಂತ ತಲೆಯಾಡಿಸಿದರು. ಬಟ್ಟೆಯ ಮೇಲೆ ನಾಲ್ಕನೆಯದು ಬಂದಾಗ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಗೀಚು ಒಂದೂ ಇರಲಿಲ್ಲ, ತೊಳೆದವರು ನನಗಿಂತ ಜಾಣರು, ಬ್ರಷ್ಷು ಮುಟ್ಟಿಸದೆ ಯಾವುದೋ ನೀರಲ್ಲಿ ಅದ್ದಿ ತೆಗೆದಿದ್ದರು. ಆದರೆ ಅದರ ಹೊಳಪು ಸತ್ತಿತ್ತು. ಅತಿಯಾಗಿ ಒಗೆದ ಬಿಳಿ ಬಟ್ಟೆಗೆ ಒಂದು ಬೆಳ್ಳಗಿನ ಸಾವು ಬರುತ್ತದೆ ನೋಡು, ಅದು. ಇದನ್ನು ತೊಳೆದಿದ್ದಾರೆ ಅಂದೆ. ಕೋಟಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವರು ಯಾರು?” ಅಂದರು.

“ತೊಳೆದು ಗೊತ್ತಿರೋರು” ಅಂದರು ಭೂತಗನ್ನಡಿ.

ಇನ್ನೊಂದು ಸಲ ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು, ನಾಲ್ಕನೆಯದನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಅವತ್ತಿನಿಂದ ಪ್ರತಿ ಗುರುವಾರ ನಾನು ಅಲ್ಲಿ ಕೂರುತ್ತೇನೆ. ಬಂದ ನಾಣ್ಯಗಳನ್ನು ನೋಡುತ್ತೇನೆ, ಅವರು ನಾನು ಹೇಳಿದ ಹಾಗೆ ಕಂದು ಲಕೋಟೆಯ ಮೇಲೆ ‘ತೊಳೆದದ್ದು’ ಅಂತಲೋ ‘ತೊಳೆದಿಲ್ಲ’ ಅಂತಲೋ ಬರೆಯುತ್ತಾರೆ. ಅವರ ಬರಹ, ನನ್ನ ಮಾತು. ಸಂಬಳ ಕೇಳಬೇಡ, ಟೀ ಕೊಡುತ್ತಾರೆ, ಗಾಜನ್ನು ಎರವಲು ಕೊಡುತ್ತಾರೆ.

ಶನಿವಾರ ನಿನ್ನ ಅಣ್ಣ ಹನ್ನೊಂದು ಗಂಟೆಗೆ ಬಂದ. ಕೈಯಲ್ಲಿ ಜಿಪ್ ಇರುವ ಸಣ್ಣ ಚೀಲ, ಆಫೀಸಿನ ಲಾಂಛನ ಇದ್ದದ್ದು. ಅಮ್ಮನ ಮನೆಗೆ ಜಪ್ತಿಗೆ ಬಂದವರ ಹಾಗೆ ಇದ್ದ, ಪಾಪ, ಮುಖದಲ್ಲಿ ನೀರಿಳಿಯುತ್ತಿತ್ತು. ನಾನು ಜಗಳ ಆಡಲಿಲ್ಲ. ಟೀ ಕೊಟ್ಟೆ. ಊಟದ ಮೇಜಿನ ಮೇಲೆ ಕರಿ ಬಟ್ಟೆ ಹಾಸಿ ಮೂರೂ ನಾಣ್ಯ ಇಟ್ಟೆ: ಹಡಗಿನ ರಾಣಿ, ಮೂಗು ಸವೆದ ರಾಜ (ಮೊದಲ ದಿನ ನೋಡಿದ್ದನ್ನೇ ಆಮೇಲೆ ಕೊಂಡೆ), ಗೋಧಿ ತೆನೆಯ ಚಿಕ್ಕದು. ಎರವಲು ತಂದ ಗಾಜನ್ನು ಕೈಗೆ ಕೊಟ್ಟೆ.

“ಬೆಲೆ ಗೊತ್ತಿರೋನು ನೀನು. ಮೂರರಲ್ಲಿ ಒಳ್ಳೇದು ಯಾವುದು ಆರಿಸು. ಸರಿಯಾಗಿ ಆರಿಸಿದ್ರೆ ಮೂರೂ ತಗೊಂಡು ಹೋಗು.”

ಅವನಿಗೆ ನಗು ಬಂತು. ಆದರೂ ನನ್ನ ಮಗ, ಪಂದ್ಯ ಅಂದರೆ ಬಿಡುವವನಲ್ಲ. ಗಾಜನ್ನು ತಲೆಕೆಳಗಾಗಿ ಹಿಡಿದುಕೊಂಡು ಹತ್ತು ನಿಮಿಷ ನೋಡಿದ, ಬೆವರು ಒರೆಸಿಕೊಂಡ. ಮೂಗು ಸವೆದ ರಾಜನನ್ನು ಪಕ್ಕಕ್ಕೆ ತಳ್ಳಿದ. ತೆನೆಯದು ಮಬ್ಬಾಗಿದೆ ಅಂದ. ಕೊನೆಗೆ ರಾಣಿಯನ್ನು ಎತ್ತಿಕೊಂಡ, ಅದೂ ಮುಖದ ಮೇಲೆ ಹೆಬ್ಬೆರಳು ಒತ್ತಿ.

“ಇದೇ. ಹೆಂಗೆ ಹೊಳೀತಿದೆ ನೋಡು.”

ನಾನು ನಕ್ಕದ್ದು ಪಕ್ಕದ ಮನೆಗೆ ಕೇಳಿಸಿರಬೇಕು. ನಾನು ತೊಳೆದು ಹಾಳು ಮಾಡಿದ್ದು ಯಾವುದು ಅಂತ ಅವನು ಒಂದು ದಿನವೂ ಕೇಳಿರಲಿಲ್ಲ. ಅದೇ ಅದು ಅಂದೆ. ಗಾಜನ್ನು ಸರಿಯಾಗಿ ಹಿಡಿಸಿ ರಾಣಿಯ ಕೆನ್ನೆಯ ಗೀಚು ತೋರಿಸಿದೆ, ರಾಜನ ಮೂಗಿನ ನುಣುಪು ತೋರಿಸಿದೆ, ತೆನೆಯ ಸಂದಿಯಲ್ಲಿ ಉಳಿದ ಕೆಂಪು ತೋರಿಸಿದೆ. ಅವನು ತುಂಬ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಕಣ್ಣಿನ ಸುತ್ತ ಗಾಜಿನ ಉಂಗುರದ ಗುರುತು ಬಿದ್ದಿತ್ತು. ಚೀಲದ ಜಿಪ್ ಎಳೆದುಕೊಂಡು, ರಾಣಿಯನ್ನಾದರೂ ಕೊಡು, ಅದು ಹೇಗಿದ್ದರೂ ತೂಕಕ್ಕೆ ಮಾತ್ರ ಅಂದ.

“ತೂಕಕ್ಕೆ ಕೊಡೋದಿಲ್ಲ” ಅಂದೆ. “ಕೆಡಿಸಿದ್ದು ನಾನು. ನನ್ನ ಹತ್ರಾನೇ ಇರ್ಲಿ.”

ಖಾಲಿ ಚೀಲ ತೆಗೆದುಕೊಂಡು ಹೋದ. ಮೆಟ್ಟಿಲ ಹತ್ತಿರ ನಿಂತು, ಗುರುವಾರ ಆಫೀಸು ಬೇಗ ಬಿಟ್ಟರೆ ಅಂಗಡಿಗೆ ಬರಲಾ ಅಂತ ಕೇಳಿದ. ಬಾ, ಆದರೆ ಕೈ ಕಟ್ಟಿಕೊಂಡು ಕೂರಬೇಕು ಅಂದೆ. ಇಷ್ಟು, ಗೆದ್ದ ಕಥೆ. ನಿನ್ನ ಅಣ್ಣ ನಿನಗೆ ಬೇರೆ ಥರ ಹೇಳಬಹುದು, ನಂಬಬೇಡ.

ಈಗ ನಿನ್ನ ಸಾಲು.

ಹೇಳಿದ್ದರು, ಗುಬ್ಬಿ. ರಾಣಿಯನ್ನು ಕೈಗಿಟ್ಟ ದಿನವೇ ಹೇಳಿದ್ದರು. ಪುಸ್ತಕದಲ್ಲಿ ಆ ಅಧ್ಯಾಯ ಕೊನೆಯಲ್ಲಿರಲಿಲ್ಲ, ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ ಅಮ್ಮ, ಇದೊಂದು ನೆನಪಿಟ್ಟುಕೊಳ್ಳಿ, ತೊಳೆಯಬೇಡಿ ಅಂದಿದ್ದರು. ನಾನು ಹೂಂ ಅಂದಿದ್ದೆ. ಮನೆಗೆ ಬಂದು ತೊಳೆದೆ. ನಿನ್ನ ಅಣ್ಣನಿಗೆ ಸುಳ್ಳು ಹೇಳಿದೆ, ನಿನಗೂ ಬರೆದೆ. ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಅನ್ನುತ್ತೇನೆ. ಆದರೆ ಕಲಿಯುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಬರುವ ತಿಂಗಳು ನಾಲ್ಕನೆಯದನ್ನು ಆರಿಸುತ್ತೇನೆ, ಆಗಲೇ ಕಣ್ಣಿಟ್ಟಿದ್ದೇನೆ. ಅದರಲ್ಲೊಂದು ಕುದುರೆ ಇದೆ, ಸವಾರನ ತಲೆ ಸವೆದೇ ಹೋಗಿದೆ, ಆದರೂ ಕುದುರೆ ನಿಂತಿಲ್ಲ.

ನಿನ್ನ ಕೈಗೆ, ಕಣ್ಣಿಗೆ ಆಯಾಸವಾಗದಿರಲಿ. ಆ ಎಕ್ಸ್-ರೇ ಕತ್ತಲೆ ಕೋಣೆಯಿಂದ ದಿನಕ್ಕೊಮ್ಮೆಯಾದರೂ ಬಿಸಿಲಿಗೆ ಬಾ. ಅಳಿಯಂದಿರ ಕೆಮ್ಮು ವಾಸಿಯಾಗಲಿ. ನೀವಿಬ್ಬರೂ ಮುದುಕರಾಗುವವರೆಗೆ ಒಬ್ಬರ ಮೇಲೊಬ್ಬರು ರೇಗಾಡಿಕೊಂಡು ಚೆನ್ನಾಗಿರಿ.

ನಿನ್ನ
ಅಮ್ಮ

ಮತ್ತೆ ಒಂದು ಮಾತು. ಮರೆತು ಈಗ ಸೇರಿಸುತ್ತಿರುವುದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ನಾಣ್ಯದ ವಿಷಯವಲ್ಲ.

ಅವತ್ತು ಫೋನಿನಲ್ಲಿ ಗರಗರ ಇರಲಿಲ್ಲ. “ಅಮ್ಮ, ನಾನು ಬರೋವರೆಗೂ ಅಪ್ಪನ ಕೋಟು ಒಗೀಬೇಡ, ಹಾಗೇ ಇಟ್ಟಿರು” ಅಂದೆ. ಎರಡು ಸಲ ಅಂದೆ. ಎರಡು ಸಲವೂ ಕೇಳಿಸಿತು. ಹೂಂ ಅಂದು ಫೋನಿಟ್ಟು ಬಚ್ಚಲಿಗೆ ಹೋದೆ. ಬೀಗ ರಿಪೇರಿಯವರ ಕೋಟು ಹೇಗಿರುತ್ತದೆ ನಿನಗೆ ಗೊತ್ತು. ಎಣ್ಣೆ, ಹಿತ್ತಾಳೆಯ ಪುಡಿ, ಬಲ ಜೇಬಿನಲ್ಲಿ ಬೀಗಕ್ಕೆ ಊದುವ ಪೆನ್ಸಿಲ್ ಸೀಸದ ಪುಡಿಯ ಕರಿ. ಆ ಜೇಬಿನ ಕರಿ ನಲವತ್ತು ವರ್ಷ ವಾರವಾರವೂ ನನ್ನ ಕೈಗೆ ಸಿಗದೆ ಆಟ ಆಡಿಸಿತ್ತು, ಅದಕ್ಕೆ ನಿಮ್ಮಪ್ಪ ನನ್ನನ್ನು ರೇಗಿಸುತ್ತಲೇ ಇದ್ದರು. ಅವತ್ತು ಹೋಯಿತು. ಪೂರ್ತಿ ಹೋಯಿತು. ಯಾಕೆ ಒಗೆದೆ ಅಂತ ಹದಿನಾಲ್ಕು ತಿಂಗಳಿಂದ ಯೋಚಿಸುತ್ತಿದ್ದೇನೆ. ಅವರು ಸತ್ತಿದ್ದರು, ನನ್ನ ಕೈಗೆ ಬೇರೆ ಕೆಲಸ ಬರುತ್ತಿರಲಿಲ್ಲ. ನೀನು ಬಂದು ಅದನ್ನು ಮುಖಕ್ಕೆ ಒತ್ತಿಕೊಂಡೆಯಲ್ಲ, ಅದರಲ್ಲಿ ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ನೀನು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವರ ಅಂಗಡಿ ತೆಗೆದುಕೊಂಡವರು ಹೋದ ವಾರ ಬಂದು ಒಂದು ಪೊಟ್ಟಣ ಕೊಟ್ಟು ಹೋದರು. ಮೇಜಿನ ಹಿಂದೆ ಬಿದ್ದಿತ್ತಂತೆ. ನಿಮ್ಮಪ್ಪ ಕೀಲಿ ಉಜ್ಜುವ ಅರಗಳನ್ನು ಸುತ್ತಿಡುತ್ತಿದ್ದ ಬಟ್ಟೆ. ಎಣ್ಣೆ ಕುಡಿದು ಕರ್ರಗಾಗಿದೆ, ಒಂದು ಮೂಲೆಯಲ್ಲಿ ಅವರ ಹೆಬ್ಬೆರಳ ಗುರುತು ಹಾಗೇ ಇದೆ. ಎರಡು ಸಲ ಎದ್ದು ಒಲೆಯ ಮೇಲೆ ನೀರು ಕಾಯಲು ಇಟ್ಟೆ, ಎರಡು ಸಲವೂ ಒಲೆ ಆರಿಸಿದೆ. ಈಗ ಅದು ಕಂದು ಲಕೋಟೆಯಲ್ಲಿದೆ. ಮೇಲೆ ನಿನ್ನ ಹೆಸರು, ಕೆಳಗೆ ನನ್ನದೇ ಕೈಯಲ್ಲಿ ಬರೆದಿದ್ದೇನೆ: ತೊಳೆದಿಲ್ಲ.

ಅಂಚೆಗೆ ಹಾಕುವುದಿಲ್ಲ. ನೀನೇ ಬಂದು ತೆಗೆದುಕೊಂಡು ಹೋಗು.